ಹಾರುಬೆಕ್ಕಿಗೆ ನೆಟ್ಟ ಕಂಬ

ನಮ್ಮೂರ ಮುಂದೆ, ಮಾಗಡಿ ರಸ್ತೆಯ ಪಕ್ಕದಲ್ಲಿ, ಒಂದೇ ಒಂದು ಹುಣಸೆಮರ ಉಳಿದಿದೆ. ಅದರ ಬುಡದಲ್ಲಿ ಅಮ್ಮ ಕೂತಿದ್ದಾಳೆ. ಬಸ್ಸಿನ ಡ್ರೈವರುಗಳು ಅಲ್ಲಿಗೆ ಬಂದಾಗ ಒಂದು ಕೈ ಸ್ಟೇರಿಂಗಿನಿಂದ ತೆಗೆದು ಎದೆಗೆ ಮುಟ್ಟಿಸಿಕೊಳ್ಳುತ್ತಾರೆ. ಹೊಸ ಲಾರಿ ಕೊಂಡವರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೋಗುತ್ತಾರೆ. ಆ ಅಮ್ಮನನ್ನು ಅಲ್ಲಿ ಕೂರಿಸಿದವಳು ನಾನು. ಒಂದು ಮಧ್ಯಾಹ್ನ ರಸ್ತೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಕಲ್ಲನ್ನು ಸೊಂಟದ ಮೇಲಿಟ್ಟುಕೊಂಡು ಹೋಗಿ ಕೂರಿಸಿ ಬಂದೆ. ಭಕ್ತಿಯಿಂದಲ್ಲ. ಒಂದು ಹಾರುಬೆಕ್ಕಿನ ದೆಸೆಯಿಂದ.

ಮದುವೆಯಾಗಿ ಸಾತನೂರು ಕಡೆಯಿಂದ ಈ ಊರಿಗೆ ಬಂದಾಗ ನನಗೆ ಇಪ್ಪತ್ತು ವರ್ಷ. ಪಿಯುಸಿ ಪಾಸಾಗಿತ್ತು. ಟೀಚರ್ ಟ್ರೇನಿಂಗಿನ ಅರ್ಜಿ ತುಂಬಿ ಟ್ರಂಕಿನಲ್ಲಿ ಇಟ್ಟುಕೊಂಡು ಬಂದಿದ್ದೆ. ಮದುವೆಗೆ ಮುಂಚೆ ಓದಿಸುತ್ತೇವೆ ಅಂದಿದ್ದರು. ಆಮೇಲೆ ಬೇಸಿಗೆ ಕಳೆಯಲಿ ಅಂದರು, ಬೇಸಿಗೆ ಕಳೆದ ಮೇಲೆ ಹುಳ ಹಣ್ಣಾಗಲಿ ಅಂದರು. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ಹಣ್ಣಾಗಿ ಗೂಡು ಕಟ್ಟಿ, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ಹೊಸ ಮೊಟ್ಟೆ ಮನೆಗೆ ಬಂದಿರುತ್ತದೆ. ಹುಳಕ್ಕೆ ಬಿಡುವಿಲ್ಲ, ಆದ್ದರಿಂದ ಸೊಸೆಗೂ ಇಲ್ಲ. ಹುಳ ಇರುವಾಗ ಹೊರಗಿನವರು ಒಳಗೆ ಬರುವ ಹಾಗಿಲ್ಲ, ಒಳಗಿನವರು ಊರು ಸುತ್ತುವ ಹಾಗಿಲ್ಲ. ಒಗ್ಗರಣೆಯ ಹೊಗೆ ಕೂಡ ಹುಳಕ್ಕೆ ಆಗುವುದಿಲ್ಲ. ಎರಡು ವರ್ಷ ನಾನು ಸೊಪ್ಪು ಹೆಚ್ಚಿ, ತಟ್ಟೆ ಬದಲಾಯಿಸಿ, ಹಿಕ್ಕೆ ಗುಡಿಸಿದೆ. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ತಿನ್ನುವ ಆ ಸರಸರ ಸದ್ದು ಕೇಳಿ ಕೇಳಿ ನನಗೆ ಕಿರುಚಬೇಕು ಅನ್ನಿಸುತ್ತಿತ್ತು. ಯಾರಿಗೆ ಹೇಳುವುದು? ಹೊಡೆಯುವ ಗಂಡನಲ್ಲ, ಬೈಯುವ ಅತ್ತೆಯಲ್ಲ, ಊಟಕ್ಕೆ ಕೊರತೆಯಿಲ್ಲ. ದೂರು ಹೇಳಲು ಒಂದು ಕಾರಣವೂ ಸಿಗದ ಮನೆಯಲ್ಲಿ ಉಸಿರು ಕಟ್ಟುವುದು ಇದೆಯಲ್ಲ, ಅದು ಇನ್ನೂ ಕಷ್ಟ.

ನನಗೆ ಅಂತ ಇದ್ದದ್ದು ದಿನಕ್ಕೆ ಇಪ್ಪತ್ತು ನಿಮಿಷ. ಸಂಜೆ ಹಾಲು ಕರೆದ ಮೇಲೆ ಕ್ಯಾನು ತೆಗೆದುಕೊಂಡು ಡೈರಿಗೆ ಹೋಗಬೇಕು. ಹತ್ತು ನಿಮಿಷ ಹೋಗುವುದಕ್ಕೆ, ಹತ್ತು ನಿಮಿಷ ಬರುವುದಕ್ಕೆ. ಹೋಗುವಾಗ ಹಾಲಿನ ಯೋಚನೆ, ಬಿರಬಿರನೆ ಹೆಜ್ಜೆ. ಬರುವಾಗ ಖಾಲಿ ಕ್ಯಾನು, ಮುಸ್ಸಂಜೆ, ರಸ್ತೆಯ ಎರಡೂ ಕಡೆ ದೊಡ್ಡ ದೊಡ್ಡ ಹುಣಸೆಮರಗಳು. ನಾನು ಅಲ್ಲಿ ಯಾರ ಸೊಸೆಯೂ ಆಗಿರುತ್ತಿರಲಿಲ್ಲ. ಹಾಗೆ ಬರುವಾಗಲೇ ಮೊದಲ ಸಲ ಅದನ್ನು ನೋಡಿದ್ದು.

ತಲೆಯ ಮೇಲೆ ಯಾರೋ ಗೋಣಿಚೀಲ ಕೊಡವಿ ಎಸೆದ ಹಾಗಾಯಿತು. ಕತ್ತೆತ್ತಿದರೆ ಕಂದು ಬಣ್ಣದ ಚೌಕ ಒಂದು ಈ ಮರದ ತುದಿಯಿಂದ ಆ ಮರದ ಕಡೆಗೆ ಜಾರಿಕೊಂಡು ಹೋಗುತ್ತಿದೆ. ರೆಕ್ಕೆ ಬಡಿಯಲಿಲ್ಲ, ಸದ್ದೂ ಇಲ್ಲ. ಮರ ಹತ್ತಿರ ಬಂದಾಗ ಸ್ವಲ್ಪ ಮೇಲಕ್ಕೆ ತಿರುಗಿ, ನಾಲ್ಕೂ ಕಾಲಿನಿಂದ ಕಾಂಡವನ್ನು ತಬ್ಬಿಕೊಂಡಿತು. ಆಮೇಲೆ ಅಳಿಲಿನ ಹಾಗೆ ಸರಸರನೆ ಹತ್ತಿ, ತುದಿಗೆ ಹೋಗಿ, ಅಲ್ಲಿಂದ ಮತ್ತೊಂದು ಮರಕ್ಕೆ ಜಾರಿತು. ಬಾಲ ಒಂದು ಮೊಳ ಉದ್ದ. ನಾನು ನಿಂತಲ್ಲೇ ನಿಂತೆ. ಕ್ಯಾನಿನ ಮುಚ್ಚಳ ಕೈಯಿಂದ ಬಿದ್ದು ಉರುಳಿದ್ದೂ ಗೊತ್ತಾಗಲಿಲ್ಲ.

ಹಾರುಬೆಕ್ಕು ಅನ್ನುತ್ತಾರೆ, ಆದರೆ ಅದು ಬೆಕ್ಕೂ ಅಲ್ಲ, ಹಾರುವುದೂ ಇಲ್ಲ. ಬೆಕ್ಕಿನಷ್ಟು ದೊಡ್ಡ ಅಳಿಲು. ಮುಂಗಾಲಿನಿಂದ ಹಿಂಗಾಲಿನವರೆಗೆ ಎರಡೂ ಪಕ್ಕೆಯಲ್ಲಿ ಸಡಿಲ ಚರ್ಮ ಇರುತ್ತದೆ. ಕಾಲು ಅಗಲಿಸಿ ನೆಗೆದರೆ ಅದು ಕಂಬಳಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಹಕ್ಕಿಯಂತೆ ಮೇಲಕ್ಕೆ ಏರಲು ಅದಕ್ಕೆ ಬರುವುದಿಲ್ಲ. ಎತ್ತರದಿಂದ ತಗ್ಗಿಗೆ ಜಾರುವುದು ಮಾತ್ರ. ಎಷ್ಟು ಎತ್ತರ ಹತ್ತಿದೆಯೋ ಅಷ್ಟು ದೂರ. ಆದ್ದರಿಂದ ಅದಕ್ಕೆ ಒಂದು ಮರ ಸಾಲದು. ಜಾರಿ ಹೋಗಿ ಹಿಡಿದುಕೊಳ್ಳಲು ಇನ್ನೊಂದು ಮರ ಬೇಕು, ಅದರಾಚೆ ಮತ್ತೊಂದು. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದಲ್ಲ, ಎರಡು ವರ್ಷ ಕತ್ತು ನೋಯಿಸಿಕೊಂಡು ಕಲಿತದ್ದು. ನಮ್ಮ ಊರ ಮುಂದಿನ ಮರದ ಎರಡನೇ ಕವಲಿನ ಮೇಲೆ ಒಂದು ಪೊಟರೆ ಇತ್ತು. ಅದರಲ್ಲಿ ಎರಡು ಇದ್ದವು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಒಂದು ತಲೆ ಹೊರಗೆ ಬರುತ್ತಿತ್ತು, ಆಮೇಲೆ ಇನ್ನೊಂದು. ಹುಣಸೆ ಸಾಲಿನ ಗುಂಟ ಜಾರಿ ಜಾರಿ ಮಾವಿನ ತೋಪು ಸೇರುತ್ತಿದ್ದವು. ತೋಪಿನ ಆಚೆ ಸಾವನದುರ್ಗದ ಕಾಡು. ನಾನು ಮನೆಗೆ ಹೋಗಿ ಸೊಪ್ಪು ಹೆಚ್ಚಲು ಕೂರುತ್ತಿದ್ದೆ. ಅವು ಇಷ್ಟೊತ್ತಿಗೆ ದುರ್ಗ ಮುಟ್ಟಿರುತ್ತವೆ ಅಂದುಕೊಂಡರೆ ಹುಳದ ಸದ್ದು ಅಷ್ಟಾಗಿ ಕೇಳುತ್ತಿರಲಿಲ್ಲ.

ಈ ಮರಗಳ ಹಣ್ಣಿನ ಹರಾಜನ್ನು ಪ್ರತಿ ವರ್ಷ ನಮ್ಮ ಮನೆಯವರೇ ಹಿಡಿಯುತ್ತಿದ್ದರು. ಅತ್ತೆಗೆ ಒಂದೊಂದು ಮರದ ಗುಣವೂ ಬಾಯಿಪಾಠ. ಇದರ ಹಣ್ಣು ಕಪ್ಪು, ಅದರದ್ದು ನಾರು ಜಾಸ್ತಿ, ಆ ಮೂಲೆಯದ್ದು ಮಕ್ಕಳಿಗೂ ಹುಳಿಯಾಗುವುದಿಲ್ಲ ಅನ್ನುತ್ತಿದ್ದರು. ಆ ವರ್ಷ ಹಣ್ಣು ಉದುರಿಸಿ ಮುಗಿದ ಮೇಲೆ ಯಾರೋ ಬಂದು ಪ್ರತಿ ಮರದ ತೊಗಟೆ ಕೆತ್ತಿ ಬಿಳಿ ಬಣ್ಣದಲ್ಲಿ ನಂಬರು ಬರೆದು ಹೋದರು. ಊರಿನಾಚೆ ಫ್ಯಾಕ್ಟರಿ ಶೆಡ್ಡುಗಳು ಏಳುತ್ತಿದ್ದವು. ಉದ್ದದ ಲಾರಿ ಬರಬೇಕು, ರಸ್ತೆ ಅಗಲ ಆಗಬೇಕು. ಊರಿನವರಿಗೆ ಬೇಸರವೇನೂ ಇರಲಿಲ್ಲ, ಕೆಲಸ ಸಿಗುತ್ತದೆ ಅಂತ ಖುಷಿಯಾಗಿಯೇ ಇದ್ದರು. ನಾನು ಸಂಜೆ ಬರುವಾಗ ಪೊಟರೆಯ ಮರಕ್ಕೂ ನಂಬರು ಬಿದ್ದದ್ದು ನೋಡಿದೆ. ಕೋಪ ಬಂತು. ಇಪ್ಪತ್ತು ನಿಮಿಷ ಮಾತ್ರ ನನ್ನದಾಗಿತ್ತು, ಅದಕ್ಕೂ ಕೊಡಲಿ ತಂದರಲ್ಲ ಅನ್ನಿಸಿತು.

ಗರಗಸದವರು ಆಚೆ ತುದಿಯಿಂದ ಕಡಿಯುತ್ತಾ ಬಂದರು. ದಿನಕ್ಕೆ ನಾಲ್ಕು ಮರ. ಏನು ಮಾಡಬೇಕು ಅಂತ ತಲೆ ಕೆರೆದುಕೊಂಡವಳಿಗೆ ಹೊಳೆದದ್ದು ಒಂದೇ ಉಪಾಯ, ನಮ್ಮ ಸೀಮೆಯಲ್ಲಿ ಯಾರಿಗೇ ಆದರೂ ಹೊಳೆಯುವಂಥದ್ದು. ಅರಿಸಿನ ಕುಂಕುಮ ಬಿದ್ದ ಮರಕ್ಕೆ ಯಾವ ಮಗನೂ ಕೊಡಲಿ ಹಾಕುವುದಿಲ್ಲ. ಮಿಕ್ಸಿ ಬಂದ ಮೇಲೆ ಒರಳಿನ ಗುಂಡುಕಲ್ಲು ಕೊಟ್ಟಿಗೆಯ ಹಿಂದೆ ಬಿದ್ದಿತ್ತು. ಅದನ್ನು ತೊಳೆದು, ಮರದ ಬುಡದಲ್ಲಿ ನಿಲ್ಲಿಸಿ, ಅರಿಸಿನ ಮೆತ್ತಿ, ಕುಂಕುಮ ಇಟ್ಟೆ. ನನ್ನ ಹಳೇ ಸೀರೆಯ ತುಂಡನ್ನು ಅರಿಸಿನ ನೀರಿನಲ್ಲಿ ಅದ್ದಿ ಮರಕ್ಕೆ ಸುತ್ತಿದೆ. ಬೇವಿನ ಸೊಪ್ಪು ಸಿಕ್ಕಿಸಿದೆ. ನಗು ಬರುತ್ತಿತ್ತು.

ಮೂರೇ ದಿನ. ನಾನು ಇಟ್ಟದ್ದು ಒಂದು ಕಲ್ಲು, ಮೂರು ದಿನದಲ್ಲಿ ಅಲ್ಲಿ ಬಳೆ, ನಿಂಬೆಹಣ್ಣು, ಮಣ್ಣಿನ ದೀಪ, ಒಂದು ಕಬ್ಬಿಣದ ತ್ರಿಶೂಲ. ಯಾರು ಇಟ್ಟರು ಅಂತ ಒಬ್ಬರೂ ಕೇಳಲಿಲ್ಲ. ಅಮ್ಮ ತಾನಾಗಿ ಮೂಡಿದ್ದಾಳೆ ಅಂದರು. ಊರಲ್ಲಿ ಕೆಲಸವಿಲ್ಲದೆ ಕೂತಿದ್ದ ಮುದುಕರೊಬ್ಬರು ಪೂಜಾರಿಯಾದರು. ಗರಗಸದ ಮೇಸ್ತ್ರಿ ಬಂದು ನೋಡಿ, ಚಪ್ಪಲಿ ಬಿಟ್ಟು ಕೈಮುಗಿದು, ಮುಂದಿನ ಮರಕ್ಕೆ ಹೋದ. ರಸ್ತೆ ಅಲ್ಲಿ ಸ್ವಲ್ಪ ಸೊಟ್ಟಗೆ ತಿರುಗಿತು. ಆ ರಾತ್ರಿ ನಾನು ಗೆದ್ದೆ ಅಂದುಕೊಂಡು ಚೆನ್ನಾಗಿ ನಿದ್ದೆ ಮಾಡಿದೆ.

ಮಾರನೇ ವಾರದ ಹೊತ್ತಿಗೆ ಉಳಿದ ಮರಗಳೆಲ್ಲ ಹೋಗಿದ್ದವು. ಸಂಜೆ ನಿಂತು ನೋಡಿದೆ. ಎರಡೂ ಹೊರಗೆ ಬಂದವು. ತುದಿಗೆ ಹತ್ತಿದವು. ಆ ಕೊಂಬೆಯಿಂದ ಈ ಕೊಂಬೆಗೆ, ಈ ಕೊಂಬೆಯಿಂದ ಆ ಕೊಂಬೆಗೆ ಓಡಾಡಿದವು. ತಲೆ ಮೇಲೆ ಕೆಳಗೆ ಮಾಡಿ ದೂರ ಅಳೆದವು. ಆಮೇಲೆ ವಾಪಸ್ಸು ಬಂದು ಕೂತವು. ಮಾವಿನ ತೋಪು ನಮ್ಮ ಹೊಲದ ಆಚೆ ಇತ್ತು, ನಲವತ್ತೈದು ಮಾರು ದೂರ. ಆ ಎತ್ತರದಿಂದ ಅವು ಜಾರುವುದು ಹೆಚ್ಚೆಂದರೆ ಇಪ್ಪತ್ತೈದು ಮಾರು. ನಡುವೆ ಹಿಡಿದುಕೊಳ್ಳಲು ಒಂದು ಕಡ್ಡಿಯೂ ಇರಲಿಲ್ಲ. ಆಗ ನನಗೆ ನಾನು ಮಾಡಿದ್ದು ಅರ್ಥವಾಯಿತು. ಎಲ್ಲಾ ಮರಗಳ ಜೊತೆ ಅದೂ ಹೋಗಿದ್ದರೆ ಅವು ಗರಗಸದ ಸದ್ದಿಗೇ ಹೆದರಿ, ಉಳಿದ ಮರಗಳ ಮೇಲೆ ಹಾಯ್ದು ಕಾಡು ಸೇರಿರುತ್ತಿದ್ದವು. ನಾನು ಮರ ಉಳಿಸಿ ಅವುಗಳಿಗೆ ಜೈಲು ಕಟ್ಟಿದ್ದೆ.

ನೆಲಕ್ಕೆ ಇಳಿದು ನಡೆದು ಹೋಗಬಹುದಲ್ಲ ಅಂದರೆ ಅದಕ್ಕೂ ನನ್ನ ಅಮ್ಮನೇ ಅಡ್ಡ. ಭಕ್ತರು ಎಡೆ ಇಡುತ್ತಿದ್ದರು. ಮೊಸರನ್ನ, ಕೋಳಿ, ತೆಂಗಿನಕಾಯಿ. ಅದಕ್ಕೆ ಊರಿನ ನಾಯಿ, ಫ್ಯಾಕ್ಟರಿಯ ನಾಯಿ ಎಲ್ಲಾ ಬಂದು ಬುಡದಲ್ಲೇ ಮಲಗತೊಡಗಿದವು. ಯಾರೋ ಹರಕೆಗೆ ಅಂತ ಕೊಂಬೆಗೆ ಟ್ಯೂಬ್‌ಲೈಟ್ ಕಟ್ಟಿಸಿದರು. ಬೆಳಕು ಕಂಡರೆ ಹಾರುಬೆಕ್ಕು ಪೊಟರೆಯಿಂದ ಹೊರಗೇ ಬರುವುದಿಲ್ಲ. ಊರಿನವರು ಮಾಡಿದ ಒಂದೊಂದು ಪುಣ್ಯವೂ ಆ ಬೀಗಕ್ಕೆ ಇನ್ನೊಂದು ಸುತ್ತು ಹಾಕಿತು. ಒಂದು ಸಂಜೆ ಕರೆಂಟು ಹೋಗಿದ್ದಾಗ ಎರಡರಲ್ಲಿ ಒಂದು ನೆಗೆದೇ ಬಿಟ್ಟಿತು. ನಾನು ನೋಡುತ್ತಿದ್ದೆ. ಅರ್ಧ ದಾರಿಗೆ ಹೊಲದ ಮೇಲೆ ಇಳಿಯಿತು, ಉಳುಮೆಯ ಹೆಂಟೆಯ ಮೇಲೆ ಕುಪ್ಪಳಿಸತೊಡಗಿತು. ನೆಲದ ಮೇಲೆ ಅದಕ್ಕೆ ಆ ಚರ್ಮವೇ ಕಾಲಿಗೆ ತೊಡಕು. ನಾಯಿಗಳು ಅದಕ್ಕಿಂತ ಬೇಗ ಹೋದವು. ನಾನು ಕ್ಯಾನು ಎಸೆದು ಓಡಿದೆ, ಮುಟ್ಟಲಾಗಲಿಲ್ಲ. ಆ ದಿನ ಸೊಪ್ಪು ಹೆಚ್ಚುವಾಗ ಬೆರಳು ಕೊಯ್ದುಕೊಂಡೆ, ಅದರ ನೆಪದಲ್ಲಿ ಅತ್ತುಕೊಂಡೆ.

ಉಳಿದದ್ದರ ಹಿಂದೆ ಒಂದು ಮರಿ ಇತ್ತು. ಪೊಟರೆಯ ಬಾಯಲ್ಲಿ ಅದರ ಪುಟ್ಟ ಮೂತಿ ಕಂಡೆ. ಬೇರೆ ಮೇವು ಸಿಗದೆ ಮರದ ತೊಗಟೆಯನ್ನು ತಾಯಿ ಅಲ್ಲಲ್ಲಿ ಕೆರೆದು ತಿಂದಿತ್ತು.

ಹೊಲದ ನಡುವೆ, ಉಗುರು ಊರಲು ಆಗುವಂಥ ಒಂದು ಎತ್ತರದ ಕಂಬ ನಿಂತರೆ ಸಾಕು ಅಂತ ಲೆಕ್ಕ ಹಾಕಿದೆ. ಮರದಿಂದ ಕಂಬ, ಕಂಬದಿಂದ ತೋಪು. ಗಂಡನಿಗೆ ಹೇಳಿದೆ.

"ಹಾರುಬೆಕ್ಕಿಗೆ ಕಂಬ ನೆಡ್ಸಕ್ಕೆ ನಂಗೇನು ತಲೆ ಕೆಟ್ಟೈತಾ? ಜನ ನಗಾಡ್ತಾರೆ ಕಣಮ್ಮಿ," ಅಂತ ಅವನು ಬೀಡಿ ಹಚ್ಚಿದ.

"ಎರಡಾಳು ಒಂದು ದಿನ ಮಾಡೋ ಕೆಲ್ಸ," ಅಂದೆ.

"ಅಷ್ಟು ಪುರುಸೊತ್ತು ಇದ್ರೆ ಒಸಿ ಜಾಸ್ತಿ ಸೊಪ್ಪು ಕುಯ್ಯಿ," ಅಂದ. ಕೆಟ್ಟ ಮನುಷ್ಯನಲ್ಲ. ನನ್ನ ಟ್ರೇನಿಂಗಿನ ಅರ್ಜಿಗೂ ಇದೇ ಧಾಟಿಯಲ್ಲಿ ನಕ್ಕಿದ್ದ.

ಹೆಂಗಸು ಕೇಳಿದರೆ ನಗು, ದೇವರು ಕೇಳಿದರೆ ಕಂಬ. ಇದು ಗೊತ್ತಾದ ಮೇಲೆ ಉಳಿದದ್ದು ಒಂದೇ ದಾರಿ. ಮಂಗಳವಾರ ಮುಸ್ಸಂಜೆ ಪೂಜೆಗೆ ಹೆಂಗಸರೆಲ್ಲ ಸೇರಿದ್ದರು. ತಮಟೆ ಶುರುವಾಯಿತು. ತವರಿನಲ್ಲಿ ನಾಲ್ಕಾರು ಸಲ ನೋಡಿದ್ದೆ, ಮೈಮೇಲೆ ದೇವರು ಬಂದವರು ಹೇಗೆ ತೂಗುತ್ತಾರೆ, ಹೇಗೆ ಕೂದಲು ಬಿಚ್ಚಿಕೊಳ್ಳುತ್ತದೆ ಅಂತ. ಮೊದಲು ಭುಜ ನಡುಗಿಸಿದೆ. ಆಮೇಲೆ ತಲೆ. ನಾಟಕ ಅಂತಲೇ ಶುರು ಮಾಡಿದ್ದು. ಆದರೆ ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಾಗ ಒಳಗಿಂದ ಏನೋ ಕಿತ್ತುಕೊಂಡು ಬಂತು. ಕಿರುಚಿದೆ. ಎರಡು ವರ್ಷ ನುಂಗಿಕೊಂಡಿದ್ದೆಲ್ಲ ಒಂದೇ ಸಲ ಹೊರಗೆ ಬಂತು. ಅಮ್ಮ ಬಂದದ್ದು ಸುಳ್ಳು, ಆ ಅಳು ಸುಳ್ಳಾಗಿರಲಿಲ್ಲ.

ಪೂಜಾರಿ ಮುದುಕರು ಕರ್ಪೂರ ಹಚ್ಚಿ ಮುಂದೆ ಕೂತರು. "ಏನ್ ಬೇಕು ತಾಯಿ? ಬಾಯ್ಬುಟ್ಟು ಹೇಳವ್ವ."

"ಕಂಬ ಬೇಕು," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ನೆಡ್ತೀವಿ ತಾಯಿ. ಇಲ್ಲೇ ನಿನ್ ಮುಂದೇನೇ ನೆಡ್ತೀವಿ."

"ಇಲ್ಲಲ್ಲ. ಆ ಹೊಲದ ನಡುವಿನ ಬದುವಿನ ಮ್ಯಾಲೆ."

"ನಮ್ ಹೊಲದಾಗಾ?" ಅಂತ ಗಂಡ ಹಿಂದಿನಿಂದ ಬಾಯಿ ಬಿಟ್ಟ. ಯಾರೋ ಅವನನ್ನು ಸುಮ್ಮನಿರಿಸಿದರು.

"ಹಳೇ ಕರೆಂಟ್ ಕಂಬ ಒಂದು ಬಿದ್ದೈತೆ ತಾಯಿ, ಸಿಮೆಂಟಿಂದು," ಅಂದರು ಪೂಜಾರಿ.

"ಮರದ್ದೇ ಬೇಕು. ಸರ್ವೆ ಮರದ್ದು. ಊರ ಸರ್ವೆ ತ್ವಾಟದಾಗೆ ಎಲ್ಲಕ್ಕಿಂತ ಉದ್ದದ್ದು. ತೊಗಟೆ ಸುಲೀಬ್ಯಾಡಿ, ಬಣ್ಣ ಬಳೀಬ್ಯಾಡಿ."

ಪೂಜಾರಿ ಕತ್ತು ಹೊರಳಿಸಿ ಹೊಲದ ಕಡೆಗೊಮ್ಮೆ ನೋಡಿದರು. ಮುದುಕರು ದಡ್ಡರಲ್ಲ. "ದೇವ್ರ ಕಂಬ ದೇವ್ರ ಮುಂದೆ ಇರ್ಬೇಕು. ಅಷ್ಟು ದೂರ ಯಾಕೆ ತಾಯಿ?"

ನಾನು ಇನ್ನೂ ಜೋರಾಗಿ ತೂಗಿದೆ. ಇನ್ನೇನು ಸಿಕ್ಕಿಬಿದ್ದೆ ಅನ್ನುವಾಗ ಹೆಂಗಸರ ನಡುವಿಂದ ಅತ್ತೆಯ ದನಿ ಬಂತು.

"ಅಮ್ಮ ಕೇಳಿದ್ಮೇಲೆ ಯಾಕೆ ಅನ್ನಕ್ಕೆ ನೀನ್ಯಾರಪ್ಪ? ಅವಳ ಕಣ್ಣು ಎಲ್ಲಿಗಂಟ ಓಯ್ತದೋ ಅಲ್ಲಿಗಂಟ ಅವಳ ಜಾಗ. ಹೊಲ ನಮ್ದು, ನಾವ್ ಕೊಡ್ತೀವಿ."

ಅಲ್ಲಿಗೆ ಮುಗಿಯಿತು. ಧೈರ್ಯ ಬಂದು, ಆ ಲೈಟು ಕಣ್ಣಿಗೆ ಚುಚ್ಚುತ್ತದೆ ತೆಗೆಯಿರಿ, ಎಡೆಯನ್ನು ಊರೊಳಗೆ ಇಡಿ, ನಾಯಿ ಓಡಿಸಿ ಅಂತಲೂ ಹೇಳಿ ನೆಲಕ್ಕೆ ಬಿದ್ದೆ. ಶುಕ್ರವಾರಕ್ಕೆಲ್ಲ ಕಂಬ ನಿಂತಿತು. ನೆಟ್ಟವರಲ್ಲಿ ನನ್ನ ಗಂಡನೇ ಮುಂದು, ಗುಂಡಿಯಲ್ಲಿ ಇಳಿದು ಕಲ್ಲು ಬಡಿದ.

ಎಂಟು ದಿನ ಅದು ಕಂಬದ ಕಡೆಗೆ ನೋಡಲೇ ಇಲ್ಲ. ನಾನು ಡೈರಿಯಿಂದ ಬಂದು ನಿಲ್ಲುತ್ತಿದ್ದೆ, ಅದು ಕೊಂಬೆ ಸುತ್ತಿ ವಾಪಸ್ಸು ಹೋಗುತ್ತಿತ್ತು. ಅದಕ್ಕೆ ಅಮ್ಮನ ಮಾತು ಯಾರು ಹೇಳಬೇಕು? ಒಂಬತ್ತನೇ ದಿನ ಮೋಡ ಮುಚ್ಚಿತ್ತು, ಗಾಳಿ ಇರಲಿಲ್ಲ. ಪೊಟರೆಯಿಂದ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂತು. ತುದಿಗೆ ಹತ್ತಿತು. ತಲೆ ಮೇಲೆ ಕೆಳಗೆ ಮಾಡಿತು. ನೆಗೆಯಿತು. ನಾನು ಬಾಯಿ ಮುಚ್ಚಿಕೊಂಡೆ. ಚರ್ಮ ಬಿಚ್ಚಿಕೊಂಡು, ರಸ್ತೆ ದಾಟಿ, ಹೊಲದ ಮೇಲೆ ಇಳಿಯುತ್ತಾ ಇಳಿಯುತ್ತಾ, ಕಂಬದ ಬುಡದಿಂದ ಒಂದಾಳೆತ್ತರದಲ್ಲಿ ಟಪ್ಪನೆ ಅಂಟಿಕೊಂಡಿತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಹತ್ತಿತು, ಕಂಬದ ನೆತ್ತಿಯ ಮೇಲೆ ಕೂತಿತು, ಅಲ್ಲಿಂದ ತೋಪಿಗೆ ಜಾರಿ ಮಾವಿನ ಎಲೆಯೊಳಗೆ ಸೇರಿಹೋಯಿತು. ಹೊಲದ ಬದುವಿನಲ್ಲಿ ಕೂತು ಅತ್ತುಬಿಟ್ಟೆ. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮನೆಗೆ ಬಂದರೆ ಜಗಲಿಯ ಮೇಲೆ ಆರೇಳು ಜನ. ಕೈಯಲ್ಲಿ ನಿಂಬೆಹಣ್ಣು, ಊದುಬತ್ತಿ. ನನ್ನನ್ನು ಕಂಡವರೇ ಎದ್ದು ನಿಂತರು. ನನಗಿಂತ ಮೂವತ್ತು ವರ್ಷ ದೊಡ್ಡವರು ಎದ್ದು ನಿಂತರು. ನಾನು ಸೀದಾ ಒಳಗೆ ಹೋದೆ. ಅತ್ತೆ ಸೊಪ್ಪು ಹೆಚ್ಚುತ್ತಿದ್ದರು.

"ಅತ್ತೆ, ಅವ್ರನ್ನ ಕಳ್ಸಿಬುಡಿ. ಇನ್ಮೇಲೆ ಅಮ್ಮ ಬರಲ್ಲ ಅಂತ ಹೇಳಿ."

ಅತ್ತೆ ಕುಡುಗೋಲು ನಿಲ್ಲಿಸಲಿಲ್ಲ. "ಬೆಕ್ಕು ಓಯ್ತಾ?"

"ಓಯ್ತು."

"ಮರಿ?"

"ಅದೂ ಓಯ್ತು. ನಿಮ್ಗೆಂಗೆ ಗೊತ್ತು?"

"ನನ್ ಗುಂಡುಕಲ್ಲು ನಂಗೊತ್ತಾಗಕಿಲ್ವಾ? ಮೂವತ್ತು ವರ್ಸ ಅದ್ರಲ್ಲಿ ಕಾರ ಅರ್ದಿವ್ನಿ. ಒಂದು ಮಗ್ಗುಲು ಚಕ್ಕೆ ಎದ್ದಿರದು ನನ್ ಕೈಯಿಂದ್ಲೇ. ಮೊದಲ್ನೇ ದಿನಾನೇ ನೋಡ್ದೆ. ಆಮೇಲೆ ನೀನು ಗಂಡನ್ತಾವ ಬೆಕ್ಕಿಗೆ ಕಂಬ ಕೇಳಿದ್ದೂ ಕಿವಿಗೆ ಬಿತ್ತು."

"ಮತ್ತೆ ಯಾಕ್ ಹೇಳ್ನಿಲ್ಲ?"

"ಒಂದ್ ಮರಾನಾದ್ರೂ ಉಳೀಲಿ ಅಂತ." ಆಮೇಲೆ ಸೊಪ್ಪಿನಿಂದ ತಲೆಯೆತ್ತಿ, ಬೈಯುವ ದನಿಯಿಲ್ಲದೆ, ತೀರ ಸಹಜವಾಗಿ ಹೇಳಿದರು. "ಅದು ಓಯ್ತು ಅಂತ ನೀನೂ ಓಯ್ತೀನಿ ಅಂದ್ರೆ ಆಯ್ತದಾ? ಕಲ್ಯ ಊರಿಂದ ಒಬ್ಬಳು ಬಂದವಳೆ. ಮಗಳನ್ನ ಕರ್ಕೊಂಡು ಬಿಸಿಲಲ್ಲಿ ನಡ್ಕೊಂಡು ಬಂದವಳೆ. ಅದು ಬರೀ ಕಲ್ಲು ಕಣವ್ವ ಅಂತ ನೀನೇ ಓಗಿ ಹೇಳು."

ಬಾಗಿಲವರೆಗೆ ಬಂದೆ. ತಾಯಿಯ ಪಕ್ಕದಲ್ಲಿ ಹದಿನೆಂಟರ ಹುಡುಗಿ ಗೋಡೆಗೆ ಒರಗಿ ಕೂತಿತ್ತು. ಮದುವೆಯಾಗಿ ವರ್ಷ ಆಗಿಲ್ಲ, ಮೂರು ತಿಂಗಳಿಂದ ಮಾತಾಡುವುದನ್ನೇ ನಿಲ್ಲಿಸಿದ್ದಾಳೆ ಅಂದಳು ತಾಯಿ. ಆ ಹುಡುಗಿ ನನ್ನ ಮುಖ ನೋಡಿತು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ಕನ್ನಡಿಯಲ್ಲಿ ದಿನಾ ನೋಡುತ್ತಿದ್ದೆ. ಕಲ್ಲು ಅಂತ ಹೇಳಲು ಬಾಯಿ ಬರಲಿಲ್ಲ. ಒಳಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಕೂದಲು ಬಿಚ್ಚಿ ಅವರ ಮುಂದೆ ಕೂತು, ಅಮ್ಮನ ದನಿಯಲ್ಲಿ ಹೇಳಿದೆ: ದಿನಾ ಸಂಜೆ ಇವಳನ್ನ ಒಬ್ಬಳನ್ನೇ ಡೈರಿಗೆ ಹಾಲು ಹಾಕಲು ಕಳಿಸಬೇಕು, ಯಾರೂ ಜೊತೆಗೆ ಹೋಗಕೂಡದು, ಬೇಗ ಬಾ ಅನ್ನಕೂಡದು.

ಮಾರನೇ ದಿನ ನಾನು ಕ್ಯಾನು ತೆಗೆದುಕೊಳ್ಳಲು ಹೋದರೆ ಅದು ಗಂಡನ ಕೈಯಲ್ಲಿತ್ತು. "ಅಮ್ಮ ಬರೋ ಮೈಯಿ. ರಸ್ತೇಲಿ ಹಾಲು ಹೊತ್ಕೊಂಡು ಓಡಾಡಿದ್ರೆ ಚೆನ್ನಾಗಿರಕಿಲ್ಲ. ಇನ್ಮ್ಯಾಲೆ ನಾನೇ ಓಯ್ತೀನಿ," ಅಂದ. ದನಿಯಲ್ಲಿ ಗೌರವ ಇತ್ತು. ಕ್ಯಾನಿನ ಹಿಡಿಯಿಂದ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, ಬೈಕಿಗೆ ಕಟ್ಟಿಕೊಂಡು ಹೋದ. ಆ ಗೌರವವನ್ನು ತಂದದ್ದು ನಾನೇ.

ಟ್ರೇನಿಂಗಿನ ಅರ್ಜಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸರ್ವೆ ಕಂಬ ನಾಲ್ಕು ಮಳೆಗಾಲಕ್ಕೆ ಗೆದ್ದಲು ಹಿಡಿದು ಬಿತ್ತು, ಅದರ ಜಾಗದಲ್ಲಿ ಭಕ್ತರು ಸಿಮೆಂಟಿನದು ನಿಲ್ಲಿಸಿ ಬಣ್ಣ ಬಳಿದಿದ್ದಾರೆ. ಮಾವಿನ ತೋಪಿನಲ್ಲಿ ಈಗ ಗೋದಾಮು ಇದೆ. ನಾನು ಮಂಗಳವಾರ ಮಂಗಳವಾರ ಪೊಟರೆಯ ಕೆಳಗೆ ಅಮ್ಮನಾಗಿ ಕೂರುತ್ತೇನೆ.

ಕಲ್ಯದ ಹುಡುಗಿ ಮೂರು ತಿಂಗಳ ಮೇಲೆ ಒಬ್ಬಳೇ ಬಂದಳು. ಮುಖ ಅರಳಿತ್ತು, ಮಾತಾಡುತ್ತಿದ್ದಳು. ದಿನಾ ಡೈರಿಗೆ ಹೋಗುತ್ತೀನಿ ತಾಯಿ ಅಂತ ನನ್ನ ಕಾಲಿಗೆ ಬಿದ್ದಳು. ಅವಳ ತಲೆಯ ಮೇಲೆ ಕೈಯಿಟ್ಟೆ. ಅಮ್ಮನ ದನಿ ತರಲು ಆಗಲಿಲ್ಲ, ನನ್ನ ದನಿಯಲ್ಲೇ ಕೇಳಿದೆ.

"ದಾರೀಲಿ ಮರ ಅವಾ?"

"ಅವೆ ತಾಯಿ," ಅಂದಳು.